ಘಾಟಿ ಹತ್ತುವಾಗ ಟರ್ಬೊ ಕಾರು ಮುಗ್ಗರಿಸಿದರೆ: ಬೂಸ್ಟ್ ಜಾಸ್ತಿಯೋ, ಪೆಟ್ರೋಲ್ ಕಮ್ಮಿಯೋ?

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೊ ಪೆಟ್ರೋಲ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಾಸನದ ಒಳಗೆ ಓಡಿಸುವಾಗ ಏನೂ ತೊಂದರೆ ಇಲ್ಲ. ಆದರೆ ಮಂಗಳೂರಿನಿಂದ ವಾಪಸ್ ಬರುತ್ತಾ ಶಿರಾಡಿ ಘಾಟಿಯಲ್ಲಿ ಲಾರಿ ಓವರ್‌ಟೇಕ್ ಮಾಡೋಣ ಅಂತ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, 3500 ಆರ್‌ಪಿಎಂ ಹೊತ್ತಿಗೆ ಯಾರೋ ಪೆಟ್ರೋಲ್ ಬಂದ್ ಮಾಡಿದ ಹಾಗೆ ಗಾಡಿ ಮುಗ್ಗರಿಸುತ್ತದೆ. ಆಮೇಲೆ ಪಿಕಪ್ಪೇ ಇರುವುದಿಲ್ಲ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪು, ಫಿಲ್ಟರ್ ಬದಲಿಸಿದರು, ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಂದು ಕಡೆ ಟರ್ಬೊ ಹೋಗಿದೆ, ಹೊಸದು ಹಾಕಬೇಕು ಅಂದರು. ಗೆಳೆಯನೊಬ್ಬ "ಫ್ಯೂಯಲ್ ಕಟ್ ಆಗದ ಹಾಗೆ ಮಾಡೋ ಸಣ್ಣ ಬಾಕ್ಸ್ ಸಿಗುತ್ತೆ, ಹಾಕಿಸ್ಕೊ" ಅನ್ನುತ್ತಾನೆ. ಬಾನೆಟ್ ಒಳಗಿನ ಫೋಟೋ ಕಳಿಸಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತೂ ಬೇಡ. ಟರ್ಬೊ ಬದಲಿಸಬೇಡಿ. ಆ ಬಾಕ್ಸ್ ಅಂತೂ ಬೇಡವೇ ಬೇಡ. ಪಂಪಿಗೆ ಕೊಟ್ಟ ದುಡ್ಡು ಹೋಯಿತು. ಹಳೇ ಕಾರಿಗೆ ಹೊಸ ಪಂಪು ಬಂತಲ್ಲ ಅಂತ ಸಮಾಧಾನ ಮಾಡಿಕೊಳ್ಳಿ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ ಅಂದಿರಲ್ಲ, ಅದೇ. ಸವೆದ ಪಂಪು ಕೀ ತಿರುಗಿಸಿದ ಮಾತ್ರಕ್ಕೆ ಹೊಸದಾಗುವುದಿಲ್ಲ. ಕಟ್ಟಿಕೊಂಡ ಫಿಲ್ಟರ್ ತೆರೆದುಕೊಳ್ಳುವುದಿಲ್ಲ. ಟರ್ಬೊ ಬೇರಿಂಗ್ ಹೋಗಿದ್ದರೆ ಅದೂ ವಾಸಿಯಾಗುವುದಿಲ್ಲ. ಕೀ ತಿರುಗಿಸಿದರೆ ಬದಲಾಗುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಮಾಡಿದ ತೀರ್ಮಾನ ಮಾತ್ರ. ಅಂದರೆ ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ಖಾಲಿಯಾಗುತ್ತಿಲ್ಲ. ಇಸಿಯು ಏನೋ ನೋಡಿ ಹೆದರಿ, ಬೇಕಂತಲೇ ಇಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತಿದೆ. ಏನು ನೋಡಿ ಹೆದರಿತು ಅನ್ನುವುದನ್ನು ಹುಡುಕಬೇಕು, ಅದರ ಬಾಯಿ ಮುಚ್ಚಿಸಬಾರದು.

ಈ ಕಟ್ ಏಕೆ ಇದೆ ಅಂತ ಸ್ವಲ್ಪ ಹೇಳುತ್ತೇನೆ. ಟರ್ಬೊ ಸಿಲಿಂಡರಿಗೆ ಜಾಸ್ತಿ ಗಾಳಿ ತುಂಬುತ್ತದೆ, ಆ ಹೆಚ್ಚಿನ ಒತ್ತಡಕ್ಕೇ ಬೂಸ್ಟ್ ಅನ್ನುವುದು. ಗಾಳಿ ಎಷ್ಟು ಬಂತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೇಕು. ಆರಾಮಾಗಿ ಹೋಗುವಾಗ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕು. ಪೂರ್ತಿ ಬೂಸ್ಟಿನಲ್ಲಿ ಅದು 12ರ ಆಸುಪಾಸಿಗೆ ಇಳಿಯಬೇಕು, ಯಾಕೆಂದರೆ ಹೆಚ್ಚಿನ ಪೆಟ್ರೋಲ್ ಒಳಗಿನ ಬಿಸಿಯನ್ನೂ ತಗ್ಗಿಸುತ್ತದೆ. ಬೂಸ್ಟ್ ಲೆಕ್ಕ ಮೀರಿ ಏರಿದರೆ ಸಿಲಿಂಡರ್ ಒಳಗೆ ಒತ್ತಡವೂ ಬಿಸಿಯೂ ಏರುತ್ತವೆ. ಕಿಡಿಯಿಂದ ಹೊತ್ತಿಕೊಂಡ ಬೆಂಕಿ ಎಲ್ಲ ಕಡೆ ಹರಡುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಬೂಸ್ಟಿನಲ್ಲಿ ಜೋರು ನಾಕಿಂಗ್ ಬಂದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಲು ಹೆಚ್ಚು ಹೊತ್ತು ಬೇಡ.

ಹಳೇ ಟರ್ಬೊ ಕಾರುಗಳಲ್ಲಿ ಇದಕ್ಕೆ ಒರಟು ಉಪಾಯ ಇತ್ತು. 80ರ ದಶಕದ ಸಾಬ್ 900 ಟರ್ಬೊದಲ್ಲಿ ಒಂದು ಪ್ರೆಶರ್ ಸ್ವಿಚ್. ಬೂಸ್ಟ್ ಮಿತಿ ದಾಟಿದರೆ ಪೆಟ್ರೋಲ್ ಪಂಪಿನ ಕರೆಂಟೇ ಬಂದ್. ಆಮೇಲೆ ಬಂದ ಜಪಾನಿನ ಟರ್ಬೊ ಕಾರುಗಳಲ್ಲಿ ಕಂಪ್ಯೂಟರೇ ಇಂಜೆಕ್ಟರ್ ನಿಲ್ಲಿಸುತ್ತಿತ್ತು. ಫ್ಯೂಯಲ್ ಕಟ್ ಅನ್ನುವ ಹೆಸರು ಅಲ್ಲಿಂದ ಉಳಿದುಕೊಂಡಿದೆ. ನಿಮ್ಮ ಫೋಟೋ ನೋಡಿದೆ. ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್‌ಗೆ ಕೇಬಲ್ ಇಲ್ಲ, ಒಂದೊಂದು ಪ್ಲಗ್ ಮೇಲೂ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್ ಇದೆ. ಅಂದರೆ ಬಾಷ್ ಕಂಪನಿಯ ಎಂಇ7 ತಲೆಮಾರಿನ ಇಸಿಯು. ಇದು ಸ್ವಲ್ಪ ನಾಜೂಕು. ಬೂಸ್ಟ್ ಮಿತಿ ಮೀರಿತು ಅಂದರೆ ಮೊದಲು ಥ್ರಾಟಲ್ ಮುಚ್ಚುತ್ತದೆ, ಬೂಸ್ಟ್ ನಿಯಂತ್ರಿಸುವ ವಾಲ್ವಿಗೆ ಕರೆಂಟ್ ನಿಲ್ಲಿಸುತ್ತದೆ, ಆಮೇಲೆ ನೀವು ಕೀ ಆಫ್ ಮಾಡುವವರೆಗೂ ಬೂಸ್ಟ್ ಕೊಡುವುದಿಲ್ಲ. ಗ್ಯಾರೇಜಿನವರು ಲಿಂಪ್ ಮೋಡ್ ಅನ್ನುವುದು ಇದಕ್ಕೇ. ಸೀಟಿನಲ್ಲಿ ಕೂತವರಿಗೆ ಮಾತ್ರ ಪೆಟ್ರೋಲ್ ನಿಂತ ಹಾಗೆಯೇ ಅನ್ನಿಸುತ್ತದೆ. ಚೆಕ್ ಇಂಜಿನ್ ಲೈಟ್ ಉರಿಯಲಿಲ್ಲ ಅಂತ ಮೋಸ ಹೋಗಬೇಡಿ. ಲೈಟ್ ಹತ್ತದೆಯೂ ದೋಷದ ಕೋಡ್ ಇಸಿಯು ಒಳಗೆ ಉಳಿದಿರಬಹುದು.

ಹಾಗಾದರೆ ಬೂಸ್ಟ್ ಯಾಕೆ ಮಿತಿ ಮೀರುತ್ತದೆ? ಇಲ್ಲಿ ಬಹಳ ಜನ ಎಡವುತ್ತಾರೆ. ಹೋಸ್ ಹರಿದರೆ ಬೂಸ್ಟ್ ಕಮ್ಮಿಯಾಗಬೇಕಲ್ವಾ ಅಂತ ಕೇಳುತ್ತಾರೆ. ದೊಡ್ಡ ಹೋಸ್ ಹರಿದರೆ ಹೌದು. ಬೆರಳಿಗಿಂತ ಸಣ್ಣ ಹೋಸ್ ಒಂದಿದೆ, ಅದು ಹರಿದರೆ ತದ್ವಿರುದ್ಧ.

ಟರ್ಬೊದ ಎಕ್ಸಾಸ್ಟ್ ಬದಿಯಲ್ಲಿ ವೇಸ್ಟ್‌ಗೇಟ್ ಅಂತ ಒಂದು ಸಣ್ಣ ಬಾಗಿಲು ಇದೆ. ಅದು ತೆರೆದರೆ ಹೊಗೆಯ ಒಂದು ಭಾಗ ಟರ್ಬೈನ್ ಚಕ್ರ ಬಿಟ್ಟು ಪಕ್ಕದಿಂದ ಹೋಗುತ್ತದೆ, ಬೂಸ್ಟ್ ಹತೋಟಿಯಲ್ಲಿರುತ್ತದೆ. ಬಾಗಿಲನ್ನು ಮುಚ್ಚಿ ಹಿಡಿದಿರುವುದು ಒಂದು ಸ್ಪ್ರಿಂಗ್. ಅದು ಲೋಟದಷ್ಟು ದೊಡ್ಡ ತಗಡಿನ ಡಬ್ಬಿಯೊಳಗೆ ಕೂತಿದೆ, ಅದಕ್ಕೆ ಆಕ್ಚುಯೇಟರ್ ಅನ್ನುತ್ತಾರೆ. ಬಾಗಿಲು ತೆರೆಯುವುದು ಟರ್ಬೊ ತಾನೇ ಮಾಡಿದ ಗಾಳಿಯ ಒತ್ತಡದಿಂದ. ಆ ಒತ್ತಡ ಆಕ್ಚುಯೇಟರಿಗೆ ತಲುಪುವ ದಾರಿಯಲ್ಲಿ ಎನ್75 ಅನ್ನುವ ವಾಲ್ವ್ ಕೂತಿದೆ. ಅದಕ್ಕೆ ಮೂರು ಬಾಯಿ: ಒಂದು ಟರ್ಬೊದಿಂದ ಬರುವ ಒತ್ತಡಕ್ಕೆ, ಒಂದು ಆಕ್ಚುಯೇಟರಿಗೆ, ಇನ್ನೊಂದು ಒತ್ತಡವನ್ನು ವಾಪಸ್ ಟರ್ಬೊದ ಹಿಂದಿನ ಪೈಪಿಗೆ ಬಿಡುವುದಕ್ಕೆ. ಇಸಿಯುಗೆ ಬೂಸ್ಟ್ ಜಾಸ್ತಿ ಬೇಕಾದರೆ ಒತ್ತಡವನ್ನು ಮೂರನೇ ಬಾಯಿಯಿಂದ ಹೊರಗೆ ಬಿಡಿಸುತ್ತದೆ, ವೇಸ್ಟ್‌ಗೇಟ್ ಮುಚ್ಚಿಯೇ ಇರುತ್ತದೆ. ಬೇಡವಾದರೆ ಒತ್ತಡ ನೇರ ಆಕ್ಚುಯೇಟರಿಗೆ.

ಈಗ ಟರ್ಬೊದಿಂದ ಎನ್75ಗೆ ಬರುವ ಹೋಸ್, ಇಲ್ಲವೇ ಎನ್75ನಿಂದ ಆಕ್ಚುಯೇಟರಿಗೆ ಹೋಗುವ ಹೋಸ್ ಬಿರುಕು ಬಿಟ್ಟಿದೆ ಅಂದುಕೊಳ್ಳಿ. ಆಕ್ಚುಯೇಟರಿಗೆ ಒತ್ತಡ ಸಿಗುವುದಿಲ್ಲ. ಬಾಗಿಲು ತೆರೆಯುವುದಿಲ್ಲ. ಬೂಸ್ಟ್ ಏರುತ್ತಲೇ ಹೋಗುತ್ತದೆ. ಇಸಿಯು ಎನ್75ಗೆ ಕರೆಂಟ್ ನಿಲ್ಲಿಸಿದರೂ ಪ್ರಯೋಜನ ಇಲ್ಲ, ದಾರಿಯೇ ಹರಿದಿದೆಯಲ್ಲ. ಉಳಿದಿರುವುದು ಥ್ರಾಟಲ್ ಒಂದೇ. ಅದನ್ನೇ ಧಡ್ ಅಂತ ಮುಚ್ಚುತ್ತದೆ.

ಊರೊಳಗೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಒಂದನೇ, ಎರಡನೇ ಗೇರಿನಲ್ಲಿ ಬೂಸ್ಟ್ ಪೂರ್ತಿ ಏರುವ ಹೊತ್ತಿಗೆ ನೀವು ಗೇರ್ ಬದಲಿಸಿರುತ್ತೀರಿ. ಘಾಟಿಯಲ್ಲಿ ಮೂರನೇ ಗೇರ್, ಏರು, ಪೂರ್ತಿ ಆಕ್ಸಿಲರೇಟರ್. ಬೂಸ್ಟಿಗೆ ಬೇಕಾದಷ್ಟು ಟೈಮು ಸಿಗುತ್ತದೆ. ಅದಕ್ಕೇ ನಿಮಗೆ ಶಿರಾಡಿಯಲ್ಲಿ ಮಾತ್ರ ಕಾಡುವುದು.

ಊಹೆ ಸಾಕು, ಅಳೆಯೋಣ. ಫೋಕ್ಸ್‌ವ್ಯಾಗನ್ ಗುಂಪಿನ (ಸ್ಕೋಡಾನೂ ಅದರಲ್ಲೇ) ಕಾರು ನೋಡುವ ಗ್ಯಾರೇಜುಗಳಲ್ಲಿ ಇಸಿಯು ಓದುವ ವಿಸಿಡಿಎಸ್ ಸಾಫ್ಟ್‌ವೇರ್ ಇರುತ್ತದೆ. ಹಳಬರು ಇನ್ನೂ ವ್ಯಾಗ್‌ಕಾಮ್ ಅಂತಲೇ ಕರೆಯುತ್ತಾರೆ. ಇಂಜಿನ್ ಭಾಗದಲ್ಲಿ 115ನೇ ಬ್ಲಾಕ್, ಅಂದರೆ ಆ ನಂಬರಿನ ಅಳತೆಗಳ ಪುಟ, ತೆಗೆಸಿ. ಅಲ್ಲಿ ಇಸಿಯು ಎಷ್ಟು ಬೂಸ್ಟ್ ಕೇಳಿತು, ನಿಜಕ್ಕೂ ಎಷ್ಟು ಬಂತು, ಎರಡೂ ಅಕ್ಕಪಕ್ಕ ಕಾಣುತ್ತವೆ. ಲೆಕ್ಕ ಮಿಲಿಬಾರಿನಲ್ಲಿ, ಹೊರಗಿನ ಗಾಳಿಯ ಒತ್ತಡವೂ ಸೇರಿ.

ಮೊದಲು ಸೆನ್ಸರ್ ನಂಬಬಹುದೇ ನೋಡಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆಗ ಬೂಸ್ಟ್ ಸೆನ್ಸರ್ ತೋರಿಸಬೇಕಾದದ್ದು ಹೊರಗಿನ ಗಾಳಿಯ ಒತ್ತಡ ಅಷ್ಟೇ. ಹಾಸನ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಎತ್ತರದಲ್ಲಿದೆ, ಹಾಗಾಗಿ 900ರಿಂದ 920 ಬರಬೇಕು. ಬೆಂಗಳೂರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಮಂಗಳೂರಿನಲ್ಲಿ ನೋಡಿದರೆ 1010ರ ಸುತ್ತಮುತ್ತ. ಹಾಸನದಲ್ಲಿ ನಿಂತ ಗಾಡಿ 1010 ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ, ಬೂಸ್ಟ್ ಸರಿಯಿದ್ದರೂ ಜಾಸ್ತಿ ಅಂತ ದೂರು ಕೊಡುತ್ತದೆ. ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನಿಂದ ಹೊರಡುವ ಪೈಪಿನ ಮೇಲೆ ಅದು ಕೂತಿರುತ್ತದೆ. ಬಿಚ್ಚಿ ನೋಡಿದರೆ ಹಲವು ಸಲ ಮೂತಿಗೆ ಆಯಿಲ್ ಮೆತ್ತಿರುತ್ತದೆ. ಒರೆಸಿ, ಸೆನ್ಸರಿಗೆ ಹೊಡೆಯುವ ಕ್ಲೀನರ್ ಹಾಕಿ, ಒಣಗಿಸಿ, ಮತ್ತೆ ನೋಡಿ.

ಸೆನ್ಸರ್ ಸರಿ ಇದ್ದರೆ ಗಾಡಿ ಓಡಿಸಿ ನೋಡಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್ ನೋಡಬೇಕು. ಘಾಟಿಯ ತಿರುವಿನಲ್ಲಿ ಬೇಡ. ಖಾಲಿ ಇರುವ ನೇರ ಏರು ರಸ್ತೆ ಹುಡುಕಿ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಒಮ್ಮೆ ಪೂರ್ತಿ ಒತ್ತಿ, ಕಟ್ ಆದ ಕೂಡಲೇ ಕಾಲು ತೆಗೆಯಿರಿ. ಕಂಪನಿ ಸೆಟ್ಟಿಂಗಿನ 150 ಬಿಎಚ್‌ಪಿ ಇಂಜಿನ್ ಹೊರಗಿನ ಒತ್ತಡದ ಮೇಲೆ ಸುಮಾರು 0.5ರಿಂದ 0.7 ಬಾರ್ ಬೂಸ್ಟ್ ಮಾಡುತ್ತದೆ. ಪರದೆಯ ಮೇಲೆ ಅದು ಒಟ್ಟು 1500, 1600 ಅಂತ ಕಾಣುತ್ತದೆ.

ಕೇಳಿದ್ದಕ್ಕಿಂತ ಬಂದದ್ದು ಬಹಳ ಜಾಸ್ತಿ ಇದ್ದರೆ, ಕೇಳಿದ್ದು 1550, ಬಂದದ್ದು 1950 ಅನ್ನುವ ಹಾಗೆ, ನನ್ನ ಅನುಮಾನ ಖರೆ. ಕೋಡ್ 17965 ಅಥವಾ 17963 ಇರುತ್ತದೆ. ಬೂಸ್ಟ್ ಹತೋಟಿ ತಪ್ಪಿದೆ, ಮಿತಿ ಮೀರಿದೆ ಅಂತ ಅರ್ಥ. 17964 ಬಂದರೆ ಕಥೆಯೇ ಬೇರೆ, ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ ಅಂತ. ಕೇಳಿದ್ದೂ ಬಂದದ್ದೂ ಸರಿಸಮ ಇದ್ದು, ಆದರೂ ಗಾಡಿ ಮುಗ್ಗರಿಸಿದರೆ ಬೂಸ್ಟ್ ಬಿಟ್ಟು ಪೆಟ್ರೋಲ್, ಕಿಡಿ ಕಡೆ ಹೋಗಬೇಕು. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವ ಮೊದಲು ಯಾವ ಪಾರ್ಟ್ಸಿಗೂ ದುಡ್ಡು ಕೊಡಬೇಡಿ. ನಿಮ್ಮ ಎರಡೂ ಗ್ಯಾರೇಜಿನವರು ಇದೊಂದು ಓಟ ಓಡಿಸಿದ್ದರೆ ಪಂಪಿನ ಖರ್ಚು ಉಳಿಯುತ್ತಿತ್ತು.

ಬೂಸ್ಟ್ ಜಾಸ್ತಿ ಅಂತಲೇ ಬಂತು ಅನ್ನಿ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಆ ಸಣ್ಣ ಹೋಸುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ. ಬಟ್ಟೆ ಸುತ್ತಿದ ಕಪ್ಪು ರಬ್ಬರ್ ಇರುತ್ತದೆ. ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ. ತುದಿಯನ್ನು ಬೆರಳಲ್ಲಿ ಬಗ್ಗಿಸಿದರೆ, ಬಾಯಿಗೆ ಸಿಕ್ಕಿಸಿದ ಕಡೆಯಲ್ಲೇ ಉದ್ದಕ್ಕೆ ಸೀಳಿರುವುದು ಕಾಣುತ್ತದೆ. ಟರ್ಬೊ ಹತ್ತಿರದ ತುದಿ ಮೊದಲು ಹೋಗುತ್ತದೆ, ಬಿಸಿ ಅಲ್ಲೇ ಜಾಸ್ತಿ. ಬದಲಿಸುವಾಗ ಒಳವ್ಯಾಸ ಸರಿಹೊಂದುವ ಸಿಲಿಕೋನ್ ಹೋಸ್ ಹಾಕಿ, ಎರಡೂ ತುದಿಗೆ ಕ್ಲಿಪ್ ಹಾಕಿ. ಮೀನಿನ ಅಕ್ವೇರಿಯಮ್ಮಿಗೆ ಹಾಕುವ ಪಾರದರ್ಶಕ ಪೈಪ್ ಹಾಕಿರುವ ಗಾಡಿಗಳನ್ನು ನೋಡಿದ್ದೇನೆ. ಗ್ಯಾರೇಜಿನಲ್ಲಿ ನಿಂತಾಗ ಅದು ಬಿಗಿಯಾಗೇ ಇರುತ್ತದೆ, ಘಾಟಿಯ ಬಿಸಿಗೆ ಮೆತ್ತಗಾಗಿ ಬೂಸ್ಟಿಗೆ ಜಾರಿ ಬೀಳುತ್ತದೆ. ವಾಪಸ್ ಬಂದು ತಣ್ಣಗಾದ ಮೇಲೆ ಯಾರೋ ಸಿಕ್ಕಿಸುತ್ತಾರೆ, ಮುಂದಿನ ಘಾಟಿಗೆ ಮತ್ತೆ ಅದೇ ಕಥೆ.

ಹೋಸುಗಳು ಸರಿ ಇವೆ, ಬೂಸ್ಟ್ ಇನ್ನೂ ಜಾಸ್ತಿ ಅಂದರೆ ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. ಖರ್ಚಿಲ್ಲ. ಎನ್75ನ ಕರೆಂಟ್ ಸಾಕೆಟ್ ಕಳಚಿ ಗಾಡಿ ಓಡಿಸಿ. ಕರೆಂಟ್ ಇಲ್ಲದಾಗ ಅದು ಒತ್ತಡವನ್ನು ನೇರ ಆಕ್ಚುಯೇಟರಿಗೆ ಕಳಿಸಬೇಕು, ಬೂಸ್ಟ್ 0.3 ಬಾರ್ ಆಸುಪಾಸಿನಲ್ಲೇ ನಿಲ್ಲಬೇಕು. ಗಾಡಿ ಎತ್ತಿನಗಾಡಿಯ ಹಾಗೆ ಎಳೆಯುತ್ತದೆ, ಆದರೆ ಕಟ್ ಆಗಬಾರದು. ಹಾಗಾದರೆ ಹೋಸು, ಆಕ್ಚುಯೇಟರ್, ವೇಸ್ಟ್‌ಗೇಟ್ ಎಲ್ಲ ಸರಿ. ತಪ್ಪು ಎನ್75 ವಾಲ್ವಿನದು, ಇಲ್ಲವೇ ಅದಕ್ಕೆ ಆಜ್ಞೆ ಕೊಡುವ ಕಡೆಯದು. ಮಲ್ಟಿಮೀಟರಿನಲ್ಲಿ ಆ ವಾಲ್ವಿನ ಕಾಯಿಲ್ 25ರಿಂದ 35 ಓಮ್ ತೋರಿಸಬೇಕು. ಅದು ಸರಿ ಇದ್ದೂ ಒಳಗೆ ಅಂಟಿಕೊಂಡಿರಬಹುದು, ಹಾಗಾಗಿ ಗೊತ್ತಿರುವವರ ಗಾಡಿಯದ್ದು ಒಂದು ಗಂಟೆಗೆ ಎರವಲು ತಂದು ಹಾಕಿ ನೋಡುವುದೇ ಸುಲಭ. ಸಾಕೆಟ್ ಕಳಚಿ ಓಡಿಸಿದ್ದಕ್ಕೂ ಒಂದು ಕೋಡ್ ಬರುತ್ತದೆ, ಆಮೇಲೆ ಅಳಿಸಿದರಾಯಿತು.

ಸಾಕೆಟ್ ಕಳಚಿದ ಮೇಲೂ ಬೂಸ್ಟ್ ಮಿತಿ ಮೀರಿತು ಅಂದರೆ ಇಸಿಯು, ಕರೆಂಟ್ ಎಲ್ಲ ಬಿಡಿ. ದೋಷ ಮೆಕ್ಯಾನಿಕಲ್. ಗಾಡಿ ತಣ್ಣಗಿರುವಾಗ ಆಕ್ಚುಯೇಟರಿಗೆ ಮೀಟರ್ ಇರುವ ಕೈ ಪಂಪಿನಿಂದ ಗಾಳಿ ಕೊಡಿ. 0.3 ಬಾರ್ ಹತ್ತಿರ ರಾಡ್ ಅಲುಗಬೇಕು. ಒತ್ತಡ ಹಾಗೆಯೇ ನಿಲ್ಲಬೇಕು. ಮೀಟರ್ ಮುಳ್ಳು ಇಳಿಯುತ್ತಾ ಹೋದರೆ ಒಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಂ, ಹರಿದಿದೆ. ರಾಡ್ ಅಲುಗದಿದ್ದರೆ ಕ್ಲಿಪ್ ತೆಗೆದು ರಾಡ್ ಬಿಡಿಸಿ, ವೇಸ್ಟ್‌ಗೇಟಿನ ತೋಳನ್ನು ಕೈಯಲ್ಲೇ ಆಡಿಸಿ. ಸಲೀಸಾಗಿ ಆಡಬೇಕು. ಮಳೆಗಾಲದಲ್ಲಿ ಕರಾವಳಿಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ತುಕ್ಕಿಗೆ ಬಿಗಿಯುವುದುಂಟು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಸಿ, ಹಿಂದೆ ಮುಂದೆ ಆಡಿಸಿದರೆ ಹಲವು ಸಲ ಬಿಡುತ್ತದೆ.

ಅಲ್ಲಿ ಕೈ ಹಾಕಿದಾಗ ಇನ್ನೊಂದು ನೋಡಿ. ರಾಡಿನ ತುದಿಯಲ್ಲಿ ತಿರುಪಿನ ಥ್ರೆಡ್ ಇದೆ, ನಟ್ ಇದೆ. ಕಂಪನಿಯಲ್ಲಿ ಸೆಟ್ ಮಾಡಿ ಬಣ್ಣದ ಗುರುತು ಹಾಕಿರುತ್ತಾರೆ. ಆ ಬಣ್ಣ ಒಡೆದಿದ್ದರೆ, ನಟ್ಟಿನ ಮೂಲೆಗಳಲ್ಲಿ ಸ್ಪಾನರ್ ಉಜ್ಜಿದ ಹೊಳಪು ಇದ್ದರೆ, ಯಾರೋ ರಾಡ್ ಬಿಗಿ ಮಾಡಿದ್ದಾರೆ. ಬಿಗಿ ಮಾಡಿದಷ್ಟೂ ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಆರ್‌ಎಸ್ ಕೊಂಡವರು ಸುಮ್ನೆ ಇರುವ ಜಾತಿಯಲ್ಲ ನೋಡಿ. ಹಳೇ ಮಾಲೀಕರು ಏನೇನು ಮಾಡಿಸಿದ್ದರು ಅಂತ ಫೋನ್ ಮಾಡಿ ಕೇಳಿ. ರೀಮ್ಯಾಪ್, ಅಂದರೆ ಶಕ್ತಿ ಏರಿಸಲು ಇಸಿಯು ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದ್ದರೂ ಗೊತ್ತಾಗಬೇಕು. 115ನೇ ಬ್ಲಾಕಿನಲ್ಲಿ ಇಸಿಯು ಕೇಳುವ ಬೂಸ್ಟೇ 1900, 2000 ಇದ್ದರೆ ಅದು ಕಂಪನಿಯ ಮ್ಯಾಪ್ ಅಲ್ಲ. ರೀಮ್ಯಾಪ್ ಆದ ಗಾಡಿಯಲ್ಲಿ ಸಣ್ಣ ಸೋರಿಕೆಯೂ, ಸ್ವಲ್ಪ ಸವೆದ ಪ್ಲಗ್ಗೂ ದೊಡ್ಡ ತೊಂದರೆ ಕೊಡುತ್ತವೆ. ಎನ್75ಗೆ ಹೋಗುವ ಹೋಸಿನ ಮಧ್ಯೆ ತಿರುಪು ಇರುವ ಹಿತ್ತಾಳೆಯ ವಾಲ್ವ್ ಏನಾದರೂ ಸಿಕ್ಕಿದರೆ ತೆಗೆದು ಬಿಸಾಕಿ. ಅದು ಕಂಪನಿ ಕೊಟ್ಟದ್ದಲ್ಲ.

ಇನ್ನು ಬೂಸ್ಟ್ ಕಮ್ಮಿ ಅಂತ ಬಂದರೆ ಸೋರಿಕೆ ಹುಡುಕಬೇಕು. ಬೆಂಗಳೂರಿನ ದೊಡ್ಡ ಗ್ಯಾರೇಜುಗಳಲ್ಲಿ ಹೊಗೆ ಬಿಟ್ಟು ನೋಡುವ ಯಂತ್ರ ಇರುತ್ತದೆ. ಇಲ್ಲದಿದ್ದರೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಕ್ಕಿಸಿ, ಗಾಳಿ ಅಳೆಯುವ ಸೆನ್ಸರಿನ ನಂತರದ ಪೈಪಿಗೆ ಕ್ಲಾಂಪ್ ಹಾಕಿ ಕೂರಿಸಿ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಹೋಸುಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ. ಒತ್ತಡ 0.4 ಬಾರ್ ದಾಟಿಸಬೇಡಿ, ಇಂಜಿನ್ನಿನ ಆಯಿಲ್ ಸೀಲುಗಳಿಗೂ ಅದೇ ಗಾಳಿ ತಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟನ್ನು ವಾಪಸ್ ಬಿಡುವ ಡೈವರ್ಟರ್ ವಾಲ್ವಿನ ಡಯಾಫ್ರಂ ಹರಿಯುವುದು ಈ ಇಂಜಿನ್ನಿನಲ್ಲಿ ಬಹಳ ಮಾಮೂಲಿ. ಅದನ್ನು ಬಿಚ್ಚಿ, ಒಳಗಿನ ಪಿಸ್ಟನ್ ಒತ್ತಿ ಹಿಡಿದು, ಸಣ್ಣ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಆಮೇಲೆ ಪಿಸ್ಟನ್ ಬಿಡಿ. ಒಳಗೇ ನಿಂತರೆ ಸರಿ, ಹೊರಗೆ ಬಂದುಬಿಟ್ಟರೆ ಡಯಾಫ್ರಂ ಹೋಗಿದೆ.

ಬೂಸ್ಟ್ ಸರಿಸಮ ಇದ್ದೂ ಮುಗ್ಗರಿಸಿದರೆ ಮೊದಲ ಅನುಮಾನ ಕಿಡಿಯ ಮೇಲೆ. ಸಿಲಿಂಡರಿನಲ್ಲಿ ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಸುಸ್ತಾದ ಕಾಯಿಲ್ ಊರೊಳಗೆ ಚೆನ್ನಾಗೇ ಕೆಲಸ ಮಾಡಿ, ಬೂಸ್ಟ್ ಬಂದ ಕೂಡಲೇ ಕೈ ಎತ್ತುತ್ತದೆ. ಈ ಕಾಲದ 1.8 ಟರ್ಬೊ ಇಂಜಿನ್ನುಗಳು ಕಾಯಿಲ್ ತಿನ್ನುವುದರಲ್ಲಿ ಪ್ರಪಂಚಕ್ಕೇ ಹೆಸರುವಾಸಿ. ಮಿಸ್‌ಫೈರ್, ಅಂದರೆ ಸಿಲಿಂಡರ್ ಹೊತ್ತಿಕೊಳ್ಳದೆ ತಪ್ಪಿದ ಎಣಿಕೆ, 15, 16ನೇ ಬ್ಲಾಕಿನಲ್ಲಿ ಸಿಗುತ್ತದೆ. ಯಾವ ಸಿಲಿಂಡರಿನಲ್ಲಿ ಏರುತ್ತಿದೆಯೋ ಆ ಕಾಯಿಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ. ಮಿಸ್ಸಿಂಗ್ ಕೂಡ ಪಕ್ಕಕ್ಕೆ ಹೋದರೆ ಕಾಯಿಲೇ ತಪ್ಪಿತಸ್ಥ. ಪ್ಲಗ್ ಗ್ಯಾಪ್ 0.7, 0.8 ಮಿ.ಮೀ. ಇರಲಿ. ಕಿಡಿಯ ತೊಂದರೆಯಾದರೆ ಗಾಡಿ ಪಟಪಟ ಅಂತ ನಡುಗುತ್ತದೆ. ನೀವು ಹೇಳಿದ್ದು ಒಂದೇ ಏಟಿಗೆ ನಿಲ್ಲುವುದು, ಹಾಗಾಗಿ ನಿಮ್ಮ ಗಾಡಿಯಲ್ಲಿ ಇದರ ಸಾಧ್ಯತೆ ಕಮ್ಮಿ.

ಪೆಟ್ರೋಲ್ ವಿಚಾರಕ್ಕೆ ಬರೋಣ. ಪಂಪು ಹೊಸದಾದರೂ ಅದಕ್ಕೆ ಕರೆಂಟ್ ಕೊಡುವ ರಿಲೇ ಹಳೆಯದೇ. ಮೇಲೆ 409 ಅಂತ ನಂಬರ್ ಇರುವ ರಿಲೇ ಅದು. ಒಳಗಿನ ಬೆಸುಗೆ ಬಿರುಕು ಬಿಟ್ಟರೆ ಬಿಸಿಗೆ ಕೈಕೊಡುತ್ತದೆ. ಆದರೆ ಆಗ ಇಂಜಿನ್ ಪೂರ್ತಿ ಬಂದ್ ಆಗುತ್ತದೆ, ಪಿಕಪ್ ಮಾತ್ರ ಹೋಗುವುದಲ್ಲ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ರೈಲಿನ ತುದಿಯಲ್ಲಿ ಪ್ರೆಶರ್ ರೆಗ್ಯುಲೇಟರ್ ಇದ್ದರೆ ಅದಕ್ಕೊಂದು ಸಣ್ಣ ಹೋಸ್ ಬಂದಿರುತ್ತದೆ. ಐಡಲಿನಲ್ಲಿ ರೈಲಿನ ಒತ್ತಡ 2.5 ಬಾರ್, ಆ ಹೋಸ್ ಕಳಚಿದರೆ 3 ಬಾರ್. ಬೂಸ್ಟ್ 0.6 ಬಾರ್ ಬಂದರೆ ರೈಲಿನಲ್ಲೂ 3.6 ಆಗಬೇಕು. ಹೋಸ್ ಹರಿದಿದ್ದರೆ ಪೆಟ್ರೋಲ್ ಒತ್ತಡ ಏರುವುದಿಲ್ಲ, ಸರಿಯಾಗಿ ಬೇಕಾದ ಹೊತ್ತಿಗೇ ಮಿಶ್ರಣ ತೆಳುವಾಗುತ್ತದೆ. ಪಂಪು ಬದಲಿಸುವ ಮೊದಲು ಗೇಜ್ ಹಾಕಿ ಈ ಮೂರು ಅಂಕಿ ನೋಡಿರಬೇಕಿತ್ತು.

ಗಾಳಿ ಅಳೆಯುವ ಸೆನ್ಸರ್, ಅಂದರೆ ಎಂಎಎಫ್, ಕೊಳೆಯಾದರೆ ಗಾಳಿ ಕಮ್ಮಿ ಅಂತ ಲೆಕ್ಕ ಕೊಡುತ್ತದೆ, ಇಸಿಯು ಪೆಟ್ರೋಲೂ ಕಮ್ಮಿ ಬಿಡುತ್ತದೆ. 150 ಬಿಎಚ್‌ಪಿ ಇಂಜಿನ್ ಪೂರ್ತಿ ಎಳೆಯುವಾಗ ಸೆಕೆಂಡಿಗೆ ಸುಮಾರು 120 ಗ್ರಾಂ ಗಾಳಿ ತೋರಿಸಬೇಕು. 80, 90ಕ್ಕೇ ನಿಂತರೆ ಅನುಮಾನಿಸಿ. ಎಣ್ಣೆ ಸವರುವ ಸ್ಪೋರ್ಟ್ಸ್ ಫಿಲ್ಟರ್ ಹಾಕಿಸಿದ್ದರೆ ಎಣ್ಣೆ ಜಾಸ್ತಿಯಾಗಿ ಸೆನ್ಸರಿಗೆ ಮೆತ್ತಿರಬಹುದು. ಇಲ್ಲೊಂದು ಎಚ್ಚರಿಕೆ. 32ನೇ ಬ್ಲಾಕಿನಲ್ಲಿ ಇಸಿಯು ಮಾಡಿಕೊಂಡ ಪೆಟ್ರೋಲ್ ತಿದ್ದುಪಡಿ ಇರುತ್ತದೆ. ಅದು ಪ್ಲಸ್ 8, 9 ಇದ್ದ ಮಾತ್ರಕ್ಕೆ ಎಂಎಎಫ್ ಹೋಗಿದೆ ಅನ್ನಬೇಡಿ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಸುಮಾರು 8, 9 ಶೇಕಡಾ ಜಾಸ್ತಿ ಬೇಕಾಗುತ್ತದೆ. 2005ರ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ, ಇಸಿಯು ತಾನೇ ಸರಿದೂಗಿಸಿಕೊಳ್ಳುತ್ತಿದೆ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪುಗಳನ್ನೂ ಒಮ್ಮೆ ಮುಟ್ಟಿ ನೋಡಿ, ಮೆತ್ತಗಾಗಿ ಉಬ್ಬಿದ್ದರೆ ಬದಲಿಸಿ.

ಒಂದು ವಿಚಿತ್ರ ಕಾರಣವೂ ಇದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಈ ಗಾಡಿಗಳಲ್ಲಿ ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟು, ಒತ್ತದೇ ಬ್ರೇಕ್ ಒತ್ತಿದ ಸಿಗ್ನಲ್ ಕೊಟ್ಟರೆ ಇಸಿಯು ಶಕ್ತಿ ಕಡಿಮೆ ಮಾಡುವುದುಂಟು. ಹಿಂದೆ ಬರುವವರಿಗೆ ನಿಮ್ಮ ಬ್ರೇಕ್ ಲೈಟ್ ಸುಮ್ಮಸುಮ್ಮನೆ ಹತ್ತುತ್ತಿದೆಯಾ ನೋಡಲು ಹೇಳಿ. ಸ್ವಿಚ್ಚಿನ ಬೆಲೆ ತೀರಾ ಕಮ್ಮಿ.

ಇದನ್ನು ಓದುವ ಡೀಸೆಲ್ ಕಾರಿನವರಿಗೂ ಒಂದು ಮಾತು. ಲಾರಾ 1.9ನಂಥ ಹಳೇ ಟರ್ಬೊ ಡೀಸೆಲ್ಲುಗಳಲ್ಲೂ ಇದೇ ಲಕ್ಷಣ ಬರುತ್ತದೆ, ಕೀ ತಿರುಗಿಸಿದರೆ ವಾಸಿ. ಅಲ್ಲಿ ಸಾಮಾನ್ಯ ಕಾರಣ ಟರ್ಬೊ ಒಳಗೆ ತಿರುಗುವ ಎಲೆಗಳು ಮಸಿ ಹಿಡಿದು ಬಿಗಿಯುವುದು. ಊರೊಳಗೆ ಮೆತ್ತಗೆ ಮಾತ್ರ ಓಡಿಸುವ ಗಾಡಿಗಳಿಗೆ ಇದು ಜಾಸ್ತಿ. ಟರ್ಬೊ ಬಿಚ್ಚಿ ಮಸಿ ತೆಗೆದರೆ ಹಲವು ಸಲ ಸರಿಹೋಗುತ್ತದೆ, ಬದಲಿಸಲೇಬೇಕು ಅಂತಿಲ್ಲ.

ಈಗ ಗೆಳೆಯರ ಬಾಕ್ಸ್. ಅದು ಮಾಡುವುದು ಇಷ್ಟೇ: ಸೆನ್ಸರಿನಿಂದ ಬರುವ ವೋಲ್ಟೇಜನ್ನು ಒಂದು ಮಟ್ಟದಲ್ಲಿ ತಡೆದು ಹಿಡಿಯುತ್ತದೆ. ಹೊರಗಿನ ಒತ್ತಡವೂ ಸೇರಿ ಬೂಸ್ಟ್ 2 ಬಾರಿಗೆ ಹೋದರೂ ಇಸಿಯುಗೆ 1.6 ಅಂತಲೇ ಕಾಣುತ್ತದೆ, ಕಟ್ ಆಗುವುದಿಲ್ಲ. ಗಾಡಿ ಹಾರಿದ ಹಾಗೆ ಓಡುತ್ತದೆ, ನಿಜ. ಆದರೆ ಹರಿದ ಹೋಸ್ ಹರಿದೇ ಇದೆ, ವೇಸ್ಟ್‌ಗೇಟ್ ಮುಚ್ಚಿಯೇ ಇದೆ. ಶಿರಾಡಿಯ ಏರಿನಲ್ಲಿ, ಇಂಜಿನ್ ಕಾದಿರುವಾಗ, ತಡೆಯುವವರೇ ಇಲ್ಲ. ಇಂಜೆಕ್ಷನ್, ಕಿಡಿ ಎಲ್ಲವನ್ನೂ ಲೆಕ್ಕ ಹಾಕಿ ಹೊಸದಾಗಿ ಟ್ಯೂನ್ ಮಾಡಿದ ರೇಸ್ ಗಾಡಿಗೆ ಅಂಥದ್ದು ಬಳಸುತ್ತಿದ್ದರು. ದೋಷ ಮುಚ್ಚಿಡಲು ಹಾಕುವವರು ಆಮೇಲೆ ಪಿಸ್ಟನ್ ಹುಡುಕಿಕೊಂಡು ಗುಜರಿಗೆ ಹೋಗುತ್ತಾರೆ.

ಟರ್ಬೊ ನಿಜಕ್ಕೂ ಹೋಗಿದೆಯಾ ಅಂತ ತಿಳಿಯಲು ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಬೆರಳು ಹಾಕಿ ಚಕ್ರ ತಿರುಗಿಸಿ. ಸಲೀಸಾಗಿ ತಿರುಗಬೇಕು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರುವುದು ಸಹಜ. ರೆಕ್ಕೆ ಗೋಡೆಗೆ ತಾಗಿ ಉಜ್ಜಿದ ಗುರುತು ಇರಬಾರದು, ಹಿಂದೆ ಮುಂದೆ ಎಳೆದರೆ ಟಕ್ ಅನ್ನುವ ಆಟ ಇರಬಾರದು. ಪೈಪಿನಲ್ಲಿ ಆಯಿಲ್ಲಿನ ತೆಳು ಪಸೆ ಇದ್ದರೆ ಹೆದರಬೇಡಿ, ಇಂಜಿನ್ನಿನ ಆವಿ ಹೊರಗೆ ಬಿಡುವ ಬ್ರೀದರ್ ಪೈಪಿನಿಂದ ಬರುತ್ತದೆ. ಕೊಳ ಕಟ್ಟಿ ನಿಂತಿದ್ದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತಿದ್ದರೆ ಮಾತ್ರ ಎರಡನೇ ಗ್ಯಾರೇಜಿನವರ ಮಾತು ಪರಿಗಣಿಸಿ. ಮತ್ತೊಂದು: ಸವೆದ ಟರ್ಬೊ ಬೂಸ್ಟ್ ಕಮ್ಮಿ ಕೊಡುತ್ತದೆ, ಮಿತಿ ಮೀರಿ ಕೊಡುವುದಿಲ್ಲ. 17965 ಕೋಡ್ ಕೈಯಲ್ಲಿಟ್ಟುಕೊಂಡು ಟರ್ಬೊ ಬದಲಿಸಿ ಅಂದರೆ ಯಾಕೆ ಅಂತ ಕೇಳಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದು. ಅರ್ಧಕ್ಕಿಂತ ಜಾಸ್ತಿ ಆಕ್ಸಿಲರೇಟರ್ ಒತ್ತಬೇಡಿ. ಘಾಟಿಯಲ್ಲಿ ಓವರ್‌ಟೇಕ್ ಬೇಡ, ಎದುರಿಂದ ಬಸ್ ಬರುವಾಗ ಕಟ್ ಆದರೆ ಕಷ್ಟ. 115ನೇ ಬ್ಲಾಕಿನ ಲಾಗ್ ತೆಗೆಸಿದರೆ ನನಗೂ ಕಳಿಸಿ. ಎನ್75ನ ಸಾಕೆಟ್ ಹಾಕಿ ಒಂದು ಓಟ, ಕಳಚಿ ಒಂದು ಓಟ, ಎರಡೂ ಬೇಕು.